ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಆ ಮನೆ ಮಕ್ಕಳ ಕಥೆ ಏನು?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಸ್ವಲ್ಪ ಭಾರ. ನಿಮ್ಮ ಮನೆಯಲ್ಲೇ ಈಚೆಗೆ ಸಾವಾಗಿದ್ರೆ, ಕೇಳ್ತಾ ಕೇಳ್ತಾ ಕಷ್ಟ ಅನ್ನಿಸಿದ್ರೆ, ಅಲ್ಲೇ ನಿಲ್ಲಿಸಿಬಿಡಿ. ಇನ್ನೊಂದು ದಿನ ಕೇಳಿದ್ರೂ ಆಗುತ್ತೆ.

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆ ಸಾವಿನ ಮನೆಗೆ ಜನ ಬರೋದಕ್ಕೆ ಕೊರತೆ ಇಲ್ಲ. ರಾತ್ರಿ ಎರಡು ಗಂಟೆಗೆ ಸುದ್ದಿ ಬಂದ್ರೂ ಬೆಳಗಾಗೋದ್ರೊಳಗೆ ಜೀಪು ನಿಂತಿರುತ್ತೆ, ಕಟ್ಟಿಗೆ ಬಂದಿರುತ್ತೆ, ಪಕ್ಕದ ಮನೆಯಿಂದ ಕಾಫಿ, ಉಪ್ಪಿಟ್ಟು ಬಂದಿರುತ್ತೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ. ಕೆಲವರಲ್ಲಿ ಶಿವಗಣಾರಾಧನೆ, ಕೆಲವರಲ್ಲಿ ವೈಕುಂಠ ಸಮಾರಾಧನೆ. ಚರ್ಚಿಗೆ ಹೋಗೋರ ಮನೇಲಿ ಏಳನೇ ದಿನದ ಪೂಜೆ, ತಿಂಗಳ ಪೂಜೆ. ಮುಸ್ಲಿಮರಲ್ಲಿ ಗಂಡನನ್ನ ಕಳ್ಕೊಂಡ ಹೆಂಗಸಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಹಿರಿಯರು ಇದನ್ನೆಲ್ಲ ಸುಮ್ಮನೆ ಮಾಡಿಟ್ಟಿಲ್ಲ. ಮನೆಯವರಿಗೆ ತಲೆ ಓಡದೇ ಇರೋ ದಿನಗಳಲ್ಲಿ ಇವತ್ತು ಏನು, ನಾಳೆ ಏನು ಅಂತ ಬೇರೆಯವರೇ ಹೇಳೋ ಹಾಗೆ ಮಾಡಿದ ಏರ್ಪಾಡು ಅದು.

ಆದ್ರೆ ಹನ್ನೆರಡನೇ ದಿನ? ರಾಮ್ ರೆಡ್ಡಿ ಅವರ ‘ತಿಥಿ’ ಸಿನಿಮಾ ನೋಡಿರ್ತೀರಿ. ಸಾವಿನಿಂದ ಹನ್ನೊಂದನೇ ದಿನಕ್ಕೆ ಆ ಕಥೆ ಮುಗಿಯುತ್ತೆ. ನಿಜವಾದ ಮನೇಲಿ ಕಥೆ ಶುರುವಾಗೋದೇ ಶಾಮಿಯಾನ ಬಿಚ್ಚಿದ ಮೇಲೆ. ಬಾಡಿಗೆ ಪಾತ್ರೆ ವಾಪಸ್ ಹೋಗಿದೆ, ನೆಂಟರು ಬಸ್ ಹತ್ತಿದ್ದಾರೆ, ನಾಳೆ ಮಕ್ಕಳು ಶಾಲೆಗೆ ಹೋಗಬೇಕು. ಇವತ್ತು ಮಾತಾಡೋದು ಆ ಹನ್ನೆರಡನೇ ದಿನದಿಂದ ಮುಂದಿನದು.

ಮೊದಲು ಭಾಷೆ ವಿಷಯ. ಕನ್ನಡದಲ್ಲಿ ಸಾವಿಗೆ ಎಷ್ಟು ಮೃದುವಾದ ಮಾತುಗಳಿವೆ ನೋಡಿ. ತೀರಿಕೊಂಡ್ರು, ಹೋಗಿಬಿಟ್ರು, ಇಲ್ಲವಾದ್ರು, ದೈವಾಧೀನರಾದ್ರು, ಶಿವೈಕ್ಯರಾದ್ರು. ದೊಡ್ಡವರಿಗೆ ಇದು ಮರ್ಯಾದೆ. ಐದು ವರ್ಷದ ಮಗುವಿಗೆ ಇದು ಒಗಟು. ‘ಅಪ್ಪ ಹೋಗಿಬಿಟ್ರು’ ಅಂದ್ರೆ ಅದರ ಮುಂದಿನ ಪ್ರಶ್ನೆ, ‘ಯಾವಾಗ ಬರ್ತಾರೆ?’ ನಾವು ‘ಸತ್ತ’ ಅನ್ನೋ ಮಾತನ್ನ ಮನುಷ್ಯರಿಗೆ ಬಳಸಲ್ಲ, ಒರಟು ಅಂತ. ಅದನ್ನ ಮಗು ಕೇಳಿರೋದು ನಾಯಿಗೆ, ಕೋಳಿಗೆ, ರಸ್ತೇಲಿ ಬಿದ್ದ ಹಾವಿಗೆ ಮಾತ್ರ. ಹಾಗಾಗಿ ಆ ಮಗುವಿಗೆ ಅಪ್ಪನಿಗೆ ಆಗಿದ್ದೂ ಅದೇ ಅಂತ ಗೊತ್ತಾಗೋಕೆ ದಾರಿನೇ ಇಲ್ಲ.

ಇದಕ್ಕಿಂತ ಕಷ್ಟ, ನಾವು ಸಮಾಧಾನಕ್ಕೆ ಹೇಳೋ ಸುಳ್ಳುಗಳು. ‘ಅಮ್ಮ ಮಲಗಿದ್ದಾಳೆ’ ಅಂದ್ರೆ ಮಗು ರಾತ್ರಿ ಮಲಗೋಕೆ ಹೆದರುತ್ತೆ. ‘ಮಂಗಳೂರು ಆಸ್ಪತ್ರೇಲಿದ್ದಾರೆ’ ಅಂದ್ರೆ ಬಸ್ ಬಂದಾಗಲೆಲ್ಲ ಗೇಟಿಗೆ ಓಡುತ್ತೆ. ‘ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ’ ಅಂದ್ರೆ, ಹಾಗಾದ್ರೆ ನಾನು ಒಳ್ಳೆಯವನಾಗೋದು ಬೇಡ ಅಂತ ಅಂದ್ಕೊಳ್ಳೋ ಮಕ್ಕಳೂ ಇದ್ದಾರೆ. ನಂಬಿಕೆಯ ಮಾತು ಹೇಳಬೇಡಿ ಅಂತ ನಾನು ಹೇಳ್ತಿಲ್ಲ. ಸ್ವರ್ಗ ಅನ್ನಿ, ನಕ್ಷತ್ರ ಅನ್ನಿ. ಆದ್ರೆ ಅದು ಎರಡನೇ ವಾಕ್ಯ ಆಗಿರಲಿ. ಮೊದಲನೇ ವಾಕ್ಯದಲ್ಲಿ ಸತ್ಯ ಇರಲಿ.

ಮಕ್ಕಳು ಸಾವನ್ನ ಒಂದೇ ಸಲಕ್ಕೆ ಅರ್ಥ ಮಾಡ್ಕೊಳ್ಳಲ್ಲ. ಮನಃಶಾಸ್ತ್ರದವರು ಹೇಳೋ ಪ್ರಕಾರ ಮುಖ್ಯವಾಗಿ ಮೂರು ಸಂಗತಿ ಗೊತ್ತಾಗಬೇಕು. ಸತ್ತವರು ವಾಪಸ್ ಬರಲ್ಲ, ಅವರ ದೇಹ ಯಾವ ಕೆಲಸವನ್ನೂ ಮಾಡಲ್ಲ, ಸಾವು ಎಲ್ಲರಿಗೂ ಇದೆ. ಐದರಿಂದ ಏಳು ವರ್ಷದ ಆಸುಪಾಸಿನಲ್ಲಿ ಇವು ಸಾಮಾನ್ಯವಾಗಿ ತಲೆಯಲ್ಲಿ ಕೂರೋಕೆ ಶುರುವಾಗುತ್ತೆ. ಅದಕ್ಕೂ ಚಿಕ್ಕ ಮಗು ಹತ್ತು ಸಲ ಒಂದೇ ಪ್ರಶ್ನೆ ಕೇಳುತ್ತೆ. ಹತ್ತು ಸಲವೂ ಅದೇ ಉತ್ತರ ಕೊಡಬೇಕು. ಹೇಗೆ ಹೇಳೋದು ಅಂದ್ರೆ, ಹೆಚ್ಚುಕಮ್ಮಿ ಹೀಗೆ:

‘ಪುಟ್ಟಾ, ಅಪ್ಪ ಸತ್ತುಹೋಗಿದ್ದಾರೆ. ಅಂದ್ರೆ ಅವರ ದೇಹ ಕೆಲಸ ಮಾಡೋದು ನಿಲ್ಲಿಸಿದೆ. ಉಸಿರಾಡಲ್ಲ, ಹಸಿವಾಗಲ್ಲ, ನೋವೂ ಆಗಲ್ಲ. ಮತ್ತೆ ಎದ್ದು ಬರೋಕೆ ಆಗಲ್ಲ. ಇದು ನೀನು ಮಾಡಿದ್ದರಿಂದ ಆಗಿದ್ದಲ್ಲ. ನಿನ್ನನ್ನ ಅಮ್ಮ, ಅಜ್ಜಿ, ದೊಡ್ಡಪ್ಪ ಎಲ್ಲ ನೋಡ್ಕೋತೀವಿ.’

‘ನೀನು ಮಾಡಿದ್ದರಿಂದ ಅಲ್ಲ’ ಅನ್ನೋದನ್ನ ಯಾಕೆ ಸೇರಿಸಿದೆ? ಚಿಕ್ಕ ಮಕ್ಕಳ ತಲೆ ಹಾಗೆ ಓಡುತ್ತೆ. ನಿನ್ನೆ ಚಾಕಲೇಟಿಗೆ ಹಠ ಮಾಡಿದ್ದೆ, ಅಪ್ಪ ಬೈದಿದ್ರು, ‘ನೀನು ಹೋಗು’ ಅಂದಿದ್ದೆ, ಅದಕ್ಕೇ ಅಪ್ಪ ಹೋದ್ರು. ಇದನ್ನ ಮಗು ಯಾರ ಹತ್ರಾನೂ ಹೇಳಲ್ಲ. ಒಳಗೇ ಇಟ್ಕೊಂಡು ಬೆಳೆಯುತ್ತೆ. ನಾವೇ ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಆ ಹೊರೆ ಇಳಿಯೋದು.

ಇನ್ನೊಂದು, ಮಕ್ಕಳ ದುಃಖ ದೊಡ್ಡವರ ದುಃಖದ ಥರ ಕಾಣಲ್ಲ. ನಮ್ಮದು ಆಷಾಢದ ಮಳೆ, ಹಿಡಿದ್ರೆ ಬಿಡಲ್ಲ. ಅವರದ್ದು ಬಿಸಿಲು ಮಳೆ. ಹತ್ತು ನಿಮಿಷ ಅಳುತ್ತೆ, ಆಮೇಲೆ ಅಂಗಳದಲ್ಲಿ ಕ್ರಿಕೆಟ್. ‘ಪಾಪ, ಅದಕ್ಕೇನು ಗೊತ್ತಾಗುತ್ತೆ’ ಅಂತ ನೆಂಟರು ಹೇಳ್ತಾರೆ. ಗೊತ್ತಾಗಿದೆ. ಒಂದೇ ಸಲಕ್ಕೆ ಹೊರೋಕಾಗಲ್ಲ ಅಂತ ಸ್ವಲ್ಪ ಸ್ವಲ್ಪ ಹೊರ್ತಾ ಇದೆ, ಅಷ್ಟೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಮತ್ತೆ ಶುರುವಾಗಬಹುದು, ಹೊಟ್ಟೆನೋವು ಅನ್ನಬಹುದು, ಅಮ್ಮನ ಸೆರಗು ಬಿಡದೇ ಇರಬಹುದು. ಉಳಿದಿರೋ ಒಬ್ಬಳೂ ಹೋಗಿಬಿಟ್ರೆ ಅನ್ನೋ ಹೆದರಿಕೆ ಅದು.

ಹದಿಮೂರು ಹದಿನಾಲ್ಕರ ಹುಡುಗರದ್ದು ಬೇರೆ. ತಿಥಿ ದಿನ ಬೆನ್ನು ತಟ್ಟಿ ಹಿರಿಯರೊಬ್ಬರು ಹೇಳೇ ಹೇಳ್ತಾರೆ, ‘ಇನ್ನು ಮನೆಗೆ ನೀನೇ ಗಂಡಸು, ಅಳಬಾರದು.’ ಎಂಟನೇ ಕ್ಲಾಸ್ ಹುಡುಗನ ಹೆಗಲಿಗೆ ಮನೆ, ತೋಟ, ಸಾಲ, ತಂಗಿ ಮದುವೆ ಎಲ್ಲ ಒಂದೇ ವಾಕ್ಯದಲ್ಲಿ! ನನ್ನ ಅಭಿಪ್ರಾಯದಲ್ಲಿ ನಮ್ಮ ಸಾವಿನ ಮನೆಗಳಲ್ಲಿ ಮೊದಲು ನಿಲ್ಲಬೇಕಾದ ಮಾತು ಇದು. ತಲೆ ಬೋಳಿಸಿಕೊಂಡು ಶಾಲೆಗೆ ಹೋದ್ರೆ ಹುಡುಗರು ತಲೆ ಸವರಿ ನಗೋದೂ ಇರುತ್ತೆ. ಅವನು ಬರೋ ಮುಂಚಿನ ದಿನ ಮೇಷ್ಟ್ರು ಕ್ಲಾಸಲ್ಲಿ ಎರಡು ನಿಮಿಷ ಮಾತಾಡಿದ್ರೆ ಅದು ತಪ್ಪುತ್ತೆ. ‘ತಂದೆ ಸಹಿ ಹಾಕಿಸ್ಕೊಂಡು ಬಾ’ ಅನ್ನೋ ಬದಲು ‘ಮನೆಯವರ ಸಹಿ’ ಅಂದ್ರೆ ಖರ್ಚೇನೂ ಇಲ್ಲ.

ಬೆಂಕಿ ಇಡೋದಕ್ಕೆ, ಮಣ್ಣು ಹಾಕೋದಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಬೇಕಾ ಅಂತ ಕೇಳ್ತಾರೆ. ಅಲ್ಲಿ ಏನಾಗುತ್ತೆ, ಏನು ಕಾಣುತ್ತೆ ಅಂತ ಮುಂಚೆ ಹೇಳಿ, ಬರ್ತೀಯಾ ಅಂತ ಕೇಳಿ. ಬೇಡ ಅಂದ್ರೆ ಬಿಡಿ. ಬಂದ್ರೆ ಅವನ ಕೈ ಹಿಡ್ಕೊಂಡಿರೋಕೆ ಅಂತಲೇ ಒಬ್ಬರು ದೊಡ್ಡವರು ಇರಬೇಕು. ಹೆಣ್ಣುಮಕ್ಕಳನ್ನೂ ಕೇಳಿ. ಹನ್ನೊಂದನೇ ದಿನ ಅಮ್ಮನ ಕುಂಕುಮ ಅಳಿಸೋದು, ಬಳೆ ಒಡೆಯೋದು ಇನ್ನೂ ಕೆಲವು ಕಡೆ ನಡೀತಿದೆ. ಬಾಗಿಲ ಸಂದಿಯಿಂದ ನೋಡೋ ಮಗಳಿಗೆ ಅದು ಎರಡನೇ ಸಾವು. ಅಪ್ಪ ಹೋದ್ರು, ಈಗ ಅಮ್ಮನ ಮುಖವೂ ಅಮ್ಮನ ಮುಖದ ಥರ ಇಲ್ಲ. ಇದನ್ನ ಬಿಟ್ಟುಬಿಟ್ಟಿರೋ ಮನೆಗಳೂ ನಮ್ಮಲ್ಲೇ ಬೇಕಾದಷ್ಟಿವೆ. ಆ ಮನೆಗಳಿಗೆ ಏನೂ ಆಗಿಲ್ಲ.

ಈಗ ಮೊಬೈಲ್. ಇದು ನೇರವಾಗಿ ನನಗೆ, ನಿಮಗೆ ಸಂಬಂಧಪಟ್ಟಿದ್ದು. 2022ರ ನವೆಂಬರ್ 20ರಂದು ಮೂಡಿಗೆರೆ ತಾಲೂಕಿನ ಹುಲ್ಲೇಮನೆ ಕುಂದೂರಲ್ಲಿ ಕಾಡಾನೆ ದಾಳಿಗೆ ಹೆಣ್ಣುಮಗಳೊಬ್ಬರು ಬಲಿಯಾದ್ರು. ಅಲ್ಲಿಗೆ ಹೋದ ಆಗಿನ ಶಾಸಕ ಎಂ.ಪಿ. ಕುಮಾರಸ್ವಾಮಿ ಅವರ ಮೇಲೆ ಜನ ರೊಚ್ಚಿಗೆದ್ದು, ಅವರ ಅಂಗಿ ಹರಿದಿದ್ದು ರಾಜ್ಯಕ್ಕೆಲ್ಲ ವಿಡಿಯೋ ಆಯ್ತು. ಇವತ್ತಿಗೂ ಯಾರನ್ನಾದ್ರೂ ಕೇಳಿ, ಅಂಗಿ ಹರಿದಿದ್ದು ನೆನಪಿರುತ್ತೆ. ಆ ಮನೆಯವರು ಆಮೇಲೆ ಹೇಗಿದ್ದಾರೆ ಅಂತ ಕೇಳಿದವರು ಎಷ್ಟು ಜನ?

ಆನೆ ದಾಳಿಯ ಸಾವಲ್ಲಿ ಒಂದು ವಿಶೇಷ ಕಷ್ಟ ಇದೆ. ಜಾಗ ಬದಲಾಗಲ್ಲ. ಅಮ್ಮ ಬಿದ್ದಿದ್ದ ದಾರಿಯಲ್ಲೇ ಮಗು ಶಾಲೆಗೆ ಹೋಗಬೇಕು, ಅದೇ ತೋಟದಲ್ಲೇ ಅಪ್ಪ ಕೆಲಸಕ್ಕೆ ಹೋಗಬೇಕು, ಆನೆ ಇನ್ನೂ ಅಲ್ಲೇ ಸುತ್ತಮುತ್ತ ಇದೆ. ಇಲ್ಲಿ ದುಃಖದ ಜೊತೆ ಭಯ ಸೇರ್ಕೊಂಡಿರುತ್ತೆ. ರಾತ್ರಿ ಬೆಚ್ಚಿ ಏಳೋದು, ಪಟಾಕಿ ಸದ್ದಿಗೆ ನಡುಗೋದು, ಆ ದಾರಿ ಬೇಡವೇ ಬೇಡ ಅನ್ನೋದು ಕಂಡ್ರೆ ಬರೀ ಸಮಾಧಾನದ ಮಾತು ಸಾಕಾಗಲ್ಲ, ತಿಳಿದವರ ಸಹಾಯ ಬೇಕು. 2019ರ ಆಗಸ್ಟ್ ಮಳೆಗೆ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಜರಿದಾಗಿನ ಭಯವೂ ಇದೇ ಜಾತಿದು, ಮಳೆ ಜೋರಾದ್ರೆ ವಾಪಸ್ ಬರುತ್ತೆ.

ಇಂಥ ಸಾವಾದ ಅರ್ಧ ಗಂಟೆಯಲ್ಲಿ ಫೋಟೋ ಗ್ರೂಪಿಗೆ ಬಂದಿರುತ್ತೆ. ಮುಖ ಸಮೇತ. ಮನೆಯವರು ಮಗುವಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿರುವಾಗಲೇ ಮಗು ಚಿಕ್ಕಪ್ಪನ ಫೋನಲ್ಲಿ ನೋಡಿಬಿಟ್ಟಿರುತ್ತೆ. ಅಪಘಾತದ್ದೂ ಅಷ್ಟೆ, ಚಾರ್ಮಾಡಿಯಲ್ಲಿ ಗಾಡಿ ಉರುಳಿದ್ರೆ ಪೊಲೀಸರಿಗಿಂತ ಮುಂಚೆ ರೀಲ್ಸ್ ಬರುತ್ತೆ. ಮಾರಾಯ್ರೆ, ಫಾರ್ವರ್ಡ್ ಮಾಡಬೇಡಿ. ಸ್ಟೇಟಸ್ ಹಾಕೋದಿದ್ರೆ ಮನೆಯವರು ಹಾಕಿದ ಮೇಲೆ ಹಾಕಿ. ‘ಓಂ ಶಾಂತಿ’ ಅಂತ ಟೈಪ್ ಮಾಡಿದ್ರೆ ನಮ್ಮ ಕೆಲಸ ಮುಗೀತು ಅಂತ ನಮಗೆ ಅನ್ನಿಸುತ್ತೆ, ಆ ಮನೆಗೆ ಅದರಿಂದ ಒಂದು ಲೋಟ ಹಾಲೂ ಬರಲ್ಲ. ಆತ್ಮಹತ್ಯೆ ಆಗಿರೋ ಮನೆಗೆ ಹೋದ್ರಂತೂ ‘ಹೇಗಾಯ್ತು, ಯಾಕಂತೆ’ ಅನ್ನೋ ಪ್ರಶ್ನೆಯನ್ನ ಬಾಗಿಲ ಹೊರಗೇ ಬಿಟ್ಟು ಹೋಗಿ. ತೀರಿಹೋದವರ ಹೆಸರು ಹೇಳಿ, ಅವರ ಬಗ್ಗೆ ಒಂದು ಒಳ್ಳೇ ನೆನಪು ಹೇಳಿ. ಅಷ್ಟು ಮಾಡೋರೇ ಅಲ್ಲಿ ಕಮ್ಮಿ.

ಇನ್ನು ‘ದುಃಖಕ್ಕೆ ಐದು ಹಂತ’ ಅಂತ ರೀಲ್ಸಲ್ಲಿ ಬರುತ್ತಲ್ಲ, ಅದರ ಬಗ್ಗೆ. ಎಲಿಸಬೆತ್ ಕೂಬ್ಲರ್-ರಾಸ್ ಅನ್ನೋ ವೈದ್ಯೆ 1969ರಲ್ಲಿ ಬರೆದ ಪುಸ್ತಕದ್ದು ಅದು. ಆಕೆ ಮಾತಾಡಿಸಿದ್ದು ಸಾಯುವ ಕಾಯಿಲೆ ಇರೋ ರೋಗಿಗಳನ್ನ, ಉಳಿದ ಮನೆಯವರನ್ನಲ್ಲ. ಹಾಗಾಗಿ ‘ನನಗೆ ಕೋಪದ ಹಂತ ಬರಲೇ ಇಲ್ಲ, ನನ್ನಲ್ಲೇನೋ ಸರಿ ಇಲ್ಲ’ ಅಂತ ಯಾರೂ ಅಂದ್ಕೊಳ್ಳೋದು ಬೇಡ. ನನಗೆ ಹೆಚ್ಚು ಸರಿ ಅನ್ನಿಸೋದು 1999ರಲ್ಲಿ ಸ್ಟ್ರೋಬ ಮತ್ತು ಶುಟ್ ಅನ್ನೋ ನೆದರ್ಲೆಂಡ್ಸ್‌ನ ಸಂಶೋಧಕರು ಹೇಳಿದ್ದು. ಸಾವಾದ ಮನೆಯವರು ಎರಡು ಕಡೆ ತೂಗಾಡ್ತಿರ್ತಾರೆ. ಒಂದು ಕಡೆ ಹೋದವರ ನೆನಪು, ಅಳು. ಇನ್ನೊಂದು ಕಡೆ ಬ್ಯಾಂಕ್, ಅಡುಗೆ, ಹೊಸ ಜವಾಬ್ದಾರಿ. ಅತ್ತಿಂದಿತ್ತ ಹೋಗ್ತಾ ಬರ್ತಾ ಇರೋದೇ ಆರೋಗ್ಯ.

ಇದನ್ನ ನಮ್ಮ ಭಾಷೇಲಿ ಹೇಳಬೇಕು ಅಂದ್ರೆ ಕೊಯ್ಲಿನ ಉದಾಹರಣೆ ಸಾಕು. ಡಿಸೆಂಬರಲ್ಲಿ ಗಂಡ ತೀರಿಕೊಂಡ್ರು ಅಂದ್ಕೊಳ್ಳಿ. ಗಿಡದಲ್ಲಿ ಹಣ್ಣು ಕಾಯಲ್ಲ, ಕಣದಲ್ಲಿ ಒಣಗಿಸಬೇಕು, ಆಳು ಸಿಕ್ಕಿದ ದಿನವೇ ಕೊಯ್ಯಬೇಕು. ಹೆಂಡತಿ ಹನ್ನೆರಡನೇ ದಿನ ತೋಟಕ್ಕೆ ಇಳೀತಾರೆ. ‘ನೋಡಿ, ಒಂದು ತಿಂಗಳೂ ಆಗಿಲ್ಲ’ ಅಂತ ಊರು ಮಾತಾಡುತ್ತೆ. ಆ ಅತ್ತಿಗೆ ಗಿಡದ ಸಂದಿಯಲ್ಲಿ ನಿಂತು ಅಳ್ತಾನೂ ಇರ್ತಾರೆ, ಹಣ್ಣು ತುಂಬ್ತಾನೂ ಇರ್ತಾರೆ. ಎರಡೂ ನಿಜ. ಒಂದೇ ಮನೇಲಿ ಇಬ್ಬರು ಬೇರೆ ಬೇರೆ ಥರ ದುಃಖಪಡೋದೂ ಮಾಮೂಲು. ಬೇಂದ್ರೆಯವರು ಮಗು ತೀರಿಕೊಂಡಾಗ ಬರೆದ ಪದ್ಯವನ್ನ ನೆನಪು ಮಾಡ್ಕೊಳ್ಳಿ. ಹೆಂಡತಿಯ ನೋಟವನ್ನ ಎದುರಿಸೋಕಾಗದ ಅಪ್ಪನ ಕಷ್ಟ ಅದು.

ಹೋದವರನ್ನ ಮರೆತರೆ ಮಾತ್ರ ವಾಸಿಯಾಗೋದು ಅನ್ನೋ ಹಳೇ ವಾದವನ್ನೂ ಈಗಿನವರು ಒಪ್ಪಲ್ಲ. 1996ರಿಂದೀಚೆಗೆ, ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುತ್ತೆ, ಅದು ಒಳ್ಳೇದೇ ಅನ್ನೋ ವಿಚಾರ ಬಂದಿದೆ. ನಮಗೆ ಇದು ಹೊಸದಾ? ಹಿರಿಯರಿಗೆ ಎಡೆ ಇಡೋದು ಮತ್ತೇನು? ಆ ದಿನ ‘ಅಪ್ಪಂಗೆ ಏನಿಷ್ಟ ಇತ್ತು ಹೇಳು’ ಅಂತ ಮಗುವನ್ನ ಕೇಳಿ, ಕಡುಬು ಅಂದ್ರೆ ಕಡುಬು, ಅಕ್ಕಿ ರೊಟ್ಟಿ ಅಂದ್ರೆ ರೊಟ್ಟಿ, ಅದನ್ನೇ ಅದರ ಕೈಯಲ್ಲೇ ಇಡಿಸಿ.

ಸರಿ, ಈಗ ದುಡ್ಡಿನ ವಿಷಯ. ನಾನು ಬಿ.ಕಾಂ. ಮಾಡಿರೋದು, ಲೆಕ್ಕ ಹೇಳದೇ ಬಿಡೋಕಾಗಲ್ಲ. ಅಷ್ಟೇ ಅಲ್ಲ, ಮನೆ ನಡೆಯೋದು ಹೇಗೆ ಅನ್ನೋ ಭಯ ಇದ್ದಾಗ ಅಮ್ಮನಿಗೆ ಮಗುವಿನ ಹತ್ರ ಕೂತು ಮಾತಾಡೋಕೆ ಜೀವದಲ್ಲಿ ಶಕ್ತಿ ಎಲ್ಲಿರುತ್ತೆ? ಅದರಲ್ಲೂ ಲೈನ್ ಮನೆಯಲ್ಲಿರೋರಿಗೆ. ಮನೆ ಇರೋದು ಕೆಲಸದ ಜೊತೆ. ದುಡಿಯೋರು ಹೋದ್ರೆ, ತಿಂಗಳೊಳಗೆ ಮನೆ ಬಿಡಿ ಅಂದ್ರೆ ಆ ಮಗುವಿಗೆ ಅಪ್ಪ, ಮನೆ, ಶಾಲೆ, ಗೆಳೆಯರು ಎಲ್ಲ ಒಟ್ಟಿಗೆ ಹೋಗುತ್ತೆ. ತೋಟದ ಮಾಲೀಕರು ಯಾರಾದ್ರೂ ಕೇಳ್ತಿದ್ರೆ, ಕೊನೇಪಕ್ಷ ಆ ಶಾಲಾ ವರ್ಷ ಮುಗಿಯೋವರೆಗೆ ಮನೆ ಬಿಡಿಸಬೇಡಿ.

ಕಾಗದದ ಕೆಲಸ ನಿಮ್ಮಂಥ ಫೋನ್ ಬಳಸೋಕೆ ಬರೋರು ಮಾಡಿಕೊಡಬಹುದು. ಮರಣ ನೋಂದಣಿ 21 ದಿನದೊಳಗೆ ಮಾಡಿಸಿ, ಆಗ ಶುಲ್ಕ ಇಲ್ಲ. ಮುಂದಿನ ಎಲ್ಲ ಅರ್ಜಿಗೂ ಅದೇ ಬೇಕು, ಐದಾರು ಪ್ರತಿ ತಗೊಂಡಿಡಿ. ಆಮೇಲೆ ಹೋದವರ ಪಾಸ್‌ಬುಕ್ ತೆಗೆದು ಮೇ, ಜೂನ್ ತಿಂಗಳ ಸಾಲುಗಳನ್ನ ನೋಡಿ. 436 ರೂಪಾಯಿ ಕಡಿತ ಆಗಿದ್ರೆ ಅದು ಜೀವನ್ ಜ್ಯೋತಿ ವಿಮೆ, 2 ಲಕ್ಷ. 20 ರೂಪಾಯಿ ಕಡಿತ ಆಗಿದ್ರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಎಷ್ಟೋ ಮನೆಗಳಿಗೆ ತಮ್ಮ ಹೆಸರಲ್ಲಿ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲ್ಲ. ಪಿ.ಎಫ್. ಕಡಿತ ಇದ್ದ ಎಸ್ಟೇಟ್ ಕೆಲಸಗಾರರಾದ್ರೆ ಅದರ ಜೊತೆಗೇ ಒಂದು ವಿಮೆ ಇರುತ್ತೆ, ಗರಿಷ್ಠ 7 ಲಕ್ಷದವರೆಗೆ. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ 18ರಿಂದ 59 ವರ್ಷದೊಳಗಿನ ದುಡಿಯೋರು ಹೋದ್ರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದು ಸಲಕ್ಕೆ 20,000 ರೂಪಾಯಿ. ಕಾಡುಪ್ರಾಣಿ ದಾಳಿಯ ಸಾವಿಗೆ ರಾಜ್ಯದ ಪರಿಹಾರ 2022ರ ಡಿಸೆಂಬರಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ, ಆಮೇಲೆ 20 ಲಕ್ಷಕ್ಕೆ ಏರಿತು.

ಮಕ್ಕಳಿಗೆ ಅಂತಲೇ ಇರೋದು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ತಂದೆ ಇಲ್ಲದ, ತಾಯಿ ಒಬ್ಬರೇ ಸಾಕುತ್ತಿರೋ ಮಕ್ಕಳೂ ಇದಕ್ಕೆ ಸೇರ್ತಾರೆ. ತಿಂಗಳಿಗೆ ಒಂದು ಮಗುವಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು, ಉಳಿದ ಕಡೆ 96,000. ಅರ್ಜಿ ಹೋಗೋದು ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನ ಮೊದಲು ಕೇಳಿ, ದಾರಿ ಗೊತ್ತಿರುತ್ತೆ. ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡವರಿಗೆ 2021ರಲ್ಲಿ ಬೇರೆ ಯೋಜನೆಗಳು ಬಂದವು. ಆಗ ಸುದ್ದಿಯಾಯ್ತು, ಎಲ್ಲರಿಗೂ ಕಾಳಜಿ ಬಂತು. ಬೈಕ್ ಅಪಘಾತದಲ್ಲಿ, ಹೃದಯಾಘಾತದಲ್ಲಿ ಅಪ್ಪನನ್ನ ಕಳ್ಕೊಂಡ ಮಗುವಿನದ್ದೂ ಅದೇ ನಷ್ಟ, ಸುದ್ದಿ ಮಾತ್ರ ಆಗಲ್ಲ.

ಮನಸ್ಸಿನ ಸಹಾಯ ಯಾವಾಗ ಕೇಳಬೇಕು? ವೈದ್ಯರ ಲೆಕ್ಕದಲ್ಲಿ ದೊಡ್ಡವರಿಗೆ ಒಂದು ವರ್ಷ, ಮಕ್ಕಳಿಗೆ ಆರು ತಿಂಗಳು ಕಳೆದ ಮೇಲೂ ದುಃಖ ಮೊದಲ ದಿನದಷ್ಟೇ ತೀವ್ರವಾಗಿದ್ದು, ದಿನದ ಬದುಕೇ ನಡೆಯದಿದ್ರೆ ಅದನ್ನ ದೀರ್ಘಕಾಲದ ದುಃಖದ ತೊಂದರೆ ಅಂತ 2022ರಿಂದ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಸೇರಿಸಿದ್ದಾರೆ. ಅಷ್ಟು ದಿನ ಕಾಯಲೇಬೇಕು ಅಂತಲ್ಲ. ಮಗು ಊಟ ಬಿಟ್ರೆ, ಶಾಲೆಗೆ ಹೋಗೋದೇ ನಿಲ್ಲಿಸಿದ್ರೆ, ‘ನಾನೂ ಅಪ್ಪನ ಹತ್ರ ಹೋಗ್ತೀನಿ’ ಅಂದ್ರೆ ಅವತ್ತೇ ಫೋನ್ ಮಾಡಿ. ಟೆಲಿ ಮಾನಸ್ 14416, 2022ರ ಅಕ್ಟೋಬರಿಂದ ನಡೀತಿದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡ್ತಾರೆ. ಇಂಟರ್ನೆಟ್ ಬೇಕಿಲ್ಲ, ಕಾಲ್ ಹೋದ್ರೆ ಸಾಕು. ಕುದುರೆಮುಖ, ಸಂಸೆ ಕಡೆಯವರು ನಗಬೇಡಿ, ಕಾಲ್ ಹೋಗೋ ದಿಣ್ಣೆ ಯಾವುದು ಅಂತ ನಿಮಗೆ ಗೊತ್ತೇ ಇದೆ. ಮುಖಾಮುಖಿ ಬೇಕಂದ್ರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರೇ ಬಂದು ನೋಡೋ ಮನೋಚೈತನ್ಯ ಅನ್ನೋ ಮಂಗಳವಾರದ ಕ್ಲಿನಿಕ್ ಇದೆ. ಹೋಗೋ ಮುಂಚೆ ಆಶಾ ಕಾರ್ಯಕರ್ತೆ ಹತ್ರ ದಿನ ಖಚಿತ ಮಾಡ್ಕೊಳ್ಳಿ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಆಗ ನಿಮ್ಹಾನ್ಸ್‌ನವರು ಮಕ್ಕಳನ್ನ ಕಳ್ಕೊಂಡ ಮನೆಯವರ ದುಃಖವನ್ನೇ ಅಧ್ಯಯನ ಮಾಡಿದ್ರು. ದುರಂತ ಮತ್ತು ಮನಸ್ಸಿನ ಬಗ್ಗೆ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 1982ರಲ್ಲಿ ಡೌಗಿ ಸೆಂಟರ್ ಅಂತ ಶುರುವಾಯ್ತು. ಅಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳ್ಕೊಂಡ ಮಕ್ಕಳು ಒಟ್ಟಿಗೆ ಸೇರ್ತಾರೆ, ಆಡ್ತಾರೆ, ಬೇಕಂದ್ರೆ ಮಾತಾಡ್ತಾರೆ. ಉಪದೇಶ ಇಲ್ಲ. ಕ್ಲಾಸಲ್ಲಿ ಇಂಥವನು ನಾನೊಬ್ಬನೇ ಅನ್ನೋ ಭಾವನೆ ಹೋಗೋಕೆ ಅದೇ ಸಾಕಾಗುತ್ತೆ. ನಮ್ಮಲ್ಲಿ ಪಂಚಾಯಿತಿಗೊಂದು ಅರಿವು ಕೇಂದ್ರ ಇದೆ, ಪುಸ್ತಕ ಇದೆ, ಕೂರೋಕೆ ಜಾಗ ಇದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಹೋಬಳಿಯಲ್ಲಿ ಅಂಥ ಏಳೆಂಟು ಮಕ್ಕಳು, ಬಣ್ಣದ ಪೆನ್ಸಿಲ್, ಒಬ್ಬ ಟೀಚರ್. ಆಗದೇ ಇರೋ ಕೆಲಸ ಅಲ್ಲ ಅಂತ ನನಗನ್ನಿಸುತ್ತೆ. ನಿಮ್ಮೂರಲ್ಲಿ ಯಾರಾದ್ರೂ ಶುರು ಮಾಡಿದ್ರೆ ತಿಳಿಸಿ, ಬಂದು ರೆಕಾರ್ಡ್ ಮಾಡಲ್ಲ, ಚಾಪೆ ಹಾಸೋಕೆ ಬರ್ತೀನಿ.

ಅಲ್ಲಿವರೆಗೆ ಫೋನಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಗೆಳೆಯನ ಮನೆಯಲ್ಲಿ ಸಾವಾಗಿದ್ರೆ ಕ್ಯಾಲೆಂಡರಲ್ಲಿ ಮೂರು ದಿನ ಗುರುತು ಹಾಕ್ಕೊಳ್ಳಿ. ಒಂದು ತಿಂಗಳು, ಮೂರು ತಿಂಗಳು, ಹೋದವರ ಹುಟ್ಟಿದ ದಿನ. ಆ ದಿನ ‘ಏನಾದ್ರೂ ಬೇಕಾದ್ರೆ ಹೇಳು’ ಅಂತ ಮೆಸೇಜ್ ಹಾಕಬೇಡಿ, ಯಾರೂ ಹೇಳಲ್ಲ. ‘ನಾಳೆ ಪೇಟೆಗೆ ಹೋಗ್ತಿದ್ದೀನಿ, ನಿನ್ನ ತಮ್ಮನ ಶೂ ಸೈಜ್ ಎಷ್ಟು?’ ಅಂತ ಕೇಳಿ.

ನಂಬರ್‌ಗಳು ಇನ್ನೊಂದು ಸಲ. ಮನಸ್ಸಿಗೆ 14416. ಮಗುವಿಗೆ ರಕ್ಷಣೆ ಬೇಕಾದ್ರೆ, ಸಾಕೋರಿಲ್ಲದಿದ್ರೆ 1098.